ಕೊಸರು

ಮೋರ್ಕಮ್ಮಿನಲ್ಲಿ ಸಮುದ್ರ ದಿನಕ್ಕೆರಡು ಸಲ
ಊರು ಬಿಟ್ಟು ಹೋಗುತ್ತದೆ.
ಅದು ಹೋದ ಹೊತ್ತಿಗೆ ಕಾರು ನೋಡಲು ಹೋದೆ.

ತೊಂಬತ್ತಾರರ ಮಾಜ್ದಾ. ಎರಡೇ ಸೀಟು.
ಕೆಂಪು. ಕುಂಕುಮದ ಕೆಂಪಲ್ಲ,
ಬ್ಯಾಡಗಿ ಮೆಣಸಿನಕಾಯಿ ಎರಡು ವರ್ಷ
ಡಬ್ಬಿಯಲ್ಲಿ ಕೂತರೆ ಬರುತ್ತಲ್ಲ, ಅದು.
ಮಾರುವವರು ಕ್ಲಿಫರ್ಡ್ ಎಂಟ್ವಿಸಲ್, ಎಪ್ಪತ್ತೆಂಟು.
"ಕಾರಿಗೇನೂ ಆಗಿಲ್ಲ, ಆಗಿರೋದು ನನ್ನ ಮಂಡಿಗೆ.
ಕೂರೋದು ಸಲೀಸು. ಏಳೋದಕ್ಕೆ
ಪಕ್ಕದ ಮನೆಯವರನ್ನ ಕರೀಬೇಕು."

ಇಪ್ಪತ್ತಾರು ವರ್ಷ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದವಳು ನಾನು,
ಹೊರಗಿನ ಹೊಳಪು ನಂಬುವುದಿಲ್ಲ.
ಹಳೇ ದುಪ್ಪಟಿ ಹಾಸಿ ನೆಲಕ್ಕೆ ಮಲಗಿದೆ,
ಟಾರ್ಚನ್ನು ಹಲ್ಲಲ್ಲಿ ಕಚ್ಚಿ.
ಉಪ್ಪುಗಾಳಿಯ ಊರು. ಬಾಗಿಲ ಕೆಳಗಿನ ಪಟ್ಟಿಯನ್ನು
ತೆಂಗಿನಕಾಯಿ ತಟ್ಟುವ ಹಾಗೆ ತಟ್ಟುತ್ತಾ ಬಂದೆ.
ಬಲಗಡೆ ಗಟ್ಟಿ.
ಎಡಗಡೆ, ಹಿಂದಿನ ಚಕ್ರದ ಹತ್ತಿರ, ದನಿ ಬದಲಾಯಿತು.
ತುಕ್ಕಿನ ಮೇಲೆ ಬಣ್ಣ, ಬಣ್ಣದ ಮೇಲೆ ಮೇಣ.

ದೀಪದ ಗುಂಡಿ ಒತ್ತಿದರೆ
ಒಂದು ಕಣ್ಣು ತಟ್ಟನೆ ಎದ್ದಿತು.
ಇನ್ನೊಂದು, ಸ್ಕೂಲಿಗೆ ಎಬ್ಬಿಸಿದ ಹುಡುಗನ ಹಾಗೆ,
ಸ್ವಲ್ಪ ಯೋಚಿಸಿ.

ಮೂರೂವರೆ ಸಾವಿರ ಪೌಂಡು ಅಂದರು.
ನಮ್ಮ ಕಡೆಯಾದರೆ ನೇರ ಬಾಯಿಬಿಟ್ಟು ಚೌಕಾಸಿ.
ಇಲ್ಲಿ ಮೊದಲು ಹವಾಮಾನ ದಾಟಬೇಕು,
ಆಮೇಲೆ ಟೀ, ಆಮೇಲೆ ಬಿಸ್ಕತ್ತು.
ಮೂರನೇ ಬಿಸ್ಕತ್ತಿಗೆ ನನ್ನ ಪಟ್ಟಿ ತೆಗೆದೆ:
ಟೈರು ಸವೆದಿವೆ, ನೂರು.
ತುಕ್ಕು, ಇನ್ನೂರು.
ಎಡಬಾಗಿಲ ಹಿಡಿಯ ಕೆಳಗೆ, ಕಪ್ಪು ರೆಕ್ಸಿನ್ನಿನಲ್ಲಿ
ನಾಲ್ಕು ಗೀರು, ಉಗುರಿನಷ್ಟು ಉದ್ದ. ಐವತ್ತು.
"ಗೀರೇ? ಗೊತ್ತೇ ಇರಲಿಲ್ಲ" ಅಂದರು. ಒಪ್ಪಿದರು.
ಕೈ ಕುಲುಕಿದೆವು.

ಹಣ ಎಣಿಸಿ ಕೊಟ್ಟ ಮೇಲೆ ನಾಲಿಗೆ ಸುಮ್ಮನಿರಲಿಲ್ಲ.
"ಕೊಸರು?" ಅಂದೆ. ವಿವರಿಸಿದೆ:
ಸೊಪ್ಪು ಕೊಂಡಾಗ ಮೇಲೊಂದು ಹಿಡಿ ಕೊತ್ತಂಬರಿ,
ಲೆಕ್ಕದ ಆಚೆಗಿನದು.
ಒಳಗೆ ಹೋಗಿ ತಂದರು, ಬೆರಳುದ್ದ ಬಾಟಲಿ, ಕಾರಿನದೇ ಬಣ್ಣ.
ಅಲ್ಲಾಡಿಸಿದೆ. ಒಳಗಿನ ಗೋಲಿ ಕದಲಲಿಲ್ಲ.
ಯಾವತ್ತೋ ಒಣಗಿದೆ.
"ಹಾಗಾದರೆ ನನಗೂ ಒಂದು ಕೋಸರೂ.
ಗಡಿಯಾರ ಗೋಪುರದವರೆಗೆ ಒಂದು ಸುತ್ತು."

ಒಂದು ಕಾಲು, ನಿಟ್ಟುಸಿರು, ಇನ್ನೊಂದು ಕಾಲು.
ಇಪ್ಪತ್ತೆರಡು ವರ್ಷದಲ್ಲಿ ಈ ಕಡೆ ಕೂತೇ ಇರಲಿಲ್ಲವಂತೆ.
ಮುಚ್ಚಿಗೆ ಮಡಚಿದೆ. ಸಮುದ್ರದ ದಂಡೆ, ಖಾಲಿ ರಸ್ತೆ,
ಮೂರನೇ ಗೇರಿಗೆ ಹಾಕಿದಾಗ
ಅವರ ಎಡಗೈ ತಾನಾಗಿ ಆಸರೆ ಹುಡುಕಿತು.
ಹಿಡಿ ಸಿಕ್ಕಿತು.
ಹಿಡಿಯ ಕೆಳಗೆ ಬೆರಳು ನಿಂತವು.

"ಡಿಲಿಸ್" ಅಂದರು, ನನಗಲ್ಲ.
ಸ್ವಲ್ಪ ದೂರ ಹೋದ ಮೇಲೆ, "ಒಂದು ದಿನವೂ
ನಿಧಾನ ಅನ್ನಲಿಲ್ಲ. ಹ್ಯಾಗಿದೆ ಅಂದರೆ ಚೆನ್ನಾಗಿದೆ ಅನ್ನೋಳು."
ನಾನು ಕಾಲು ಸಡಿಲಿಸಿದೆ. ಸೈಕಲ್ಲೊಂದು ನಮ್ಮನ್ನು ಹಿಂದೆ ಹಾಕಿತು.
ವಾಪಸು ಬಂದು ಗ್ಯಾರೇಜಿನ ಮುಂದೆ ಎಂಜಿನ್ನು ನಿಲ್ಲಿಸಿದರೂ
ಅವರು ಏಳಲಿಲ್ಲ. ಮಂಡಿಯೇ ಇರಬೇಕು ಎಂದುಕೊಂಡೆ.
ನೀರು ಮರಳಿ ಬರುತ್ತಿತ್ತು, ಕೆಸರಿನ ಗೆರೆಗಳಲ್ಲಿ.

ಐವತ್ತು ಪೌಂಡು ಹಿಂದಕ್ಕೆ ಕೊಡೋಣವೆಂದು ಪರ್ಸು ತೆಗೆದೆ.
ಯಾವ ಲೆಕ್ಕಕ್ಕೆಂದು ಹೇಳಲಿ?
ಮುಚ್ಚಿಟ್ಟೆ.

ಭಾನುವಾರ ಪ್ರೆಸ್ಟನ್ನಿನ ಆಚೆ, ಹೊಲಗಳ ನಡುವೆ,
ಪಕ್ಕದಲ್ಲಿ ನನ್ನ ಗಂಡ ಚನ್ನವೀರ.
"ಜೋರಾಯ್ತೇನ್ರೀ?"
"ಇಲ್ಲ, ಚೆನ್ನಾಗಿದೆ" ಅಂದರು.
ಅವರ ಮುಖ ನೋಡಲಿಲ್ಲ.
ಕೈ ಎಲ್ಲಿದೆ ಎಂದು ನೋಡಿದೆ.