ಡಿಸೆಂಬರಿನ ಕಣ್ಣು

ಯೊವ್ನ ತಂದದ್ದು ಐಸ್‌ಕ್ರೀಮಿನ ಹಳೇ ಡಬ್ಬಿ.
ಮುಚ್ಚಳ ತೆಗೆದರೆ ಹನ್ನೆರಡು ಕಣ್ಣು,
ನಿನ್ನೆ ಕೊಯ್ದ ಆರು ಹಿಮಸಾರಂಗಗಳದು,
ಎಲ್ಲೂ ನೋಡದೆ ಎಲ್ಲ ಕಡೆಗೂ ತಿರುಗಿಕೊಂಡಿದ್ದವು.

"ಎಣಿಸಿಕೋ" ಎಂದ, ಬೂಟಿನ ಹಿಮ ಕೊಡವುತ್ತ.
"ಒಂದು ಸೀಳಿದೆ. ನಾಯಿ ಅವಸರ ಮಾಡಿತು."

ಟ್ರೊಮ್ಸೊ ಊರಿಂದ ಸೂರ್ಯ ಹೋಗಿ ಮೂರು ವಾರ.
ಮಧ್ಯಾಹ್ನ ಹನ್ನೆರಡಕ್ಕೂ ದೀಪದಡಿ
ಬ್ಲೇಡು ಹಿಡಿದು ಕೂತೆ.
ಇಬ್ಭಾಗವಾದ ಕಣ್ಣೊಳಗೆ,
ಬಟ್ಟಲ ತಳಕ್ಕೆ ಅಂಟಿದಂತೆ, ನೀಲಿ.
ಬೆಂಕಿಕಡ್ಡಿ ಗೀರಿದ ಚಣ
ಬುಡದಲ್ಲಿ ಕಂಡು ಹೋಗುತ್ತದಲ್ಲ, ಆ ನೀಲಿ.

ಜೂನಿನಲ್ಲಿ ಇದೇ ಹಿಂಡಿನ ಕಣ್ಣು ಚಿನ್ನವಿತ್ತು.
ಹಿಗ್ಗಿದ ಪಾಪೆ ವಾರಗಟ್ಟಲೆ ಕುಗ್ಗದೆ
ಒಳಗಿನ ಒತ್ತಡ ಏರಿ
ಕನ್ನಡಿಯ ಎಳೆಗಳು ಒತ್ತೊತ್ತಿಗೆ ಸರಿದು
ಬಣ್ಣ ಬದಲಾಯಿತೆಂದು ನನ್ನ ಟಿಪ್ಪಣಿ.
ಎಂದರೆ, ಕತ್ತಲು ಹೆಬ್ಬೆರಳಿಟ್ಟು ಅದುಮಿದೆ.

ಯೊವ್ನ ಕಾಫಿಗೆ ನಾಲ್ಕನೇ ಸಕ್ಕರೆ ಹಾಕಿದ.
"ನನ್ನದು ಯಾವ ಬಣ್ಣ, ನೋಡು."
ಟಾರ್ಚು ಬಿಟ್ಟು ಇಣುಕಿದೆ.
ಕೆಂಪು, ಬರೀ ನೆತ್ತರಿನ ಕೆಂಪು.
ನಮಗೆ ಕನ್ನಡಿ ಇಲ್ಲ, ಎಂದೆ,
ಬಿದ್ದ ಬೆಳಕು ಬಿದ್ದಷ್ಟೇ.

ಅವನು ಕಣ್ಣುಜ್ಜಿಕೊಂಡ. ಲೋಟ ತಿರುಗಿಸಿದ.
"ತಂಗಿ ಬಿರೆತ್ ಈ ತಿಂಗಳು ಬಂದರೆ
ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಾಳೆ.
ಅದನ್ನು ಅಳೆಯುವುದು ಇದೆಯೇ
ನಿಮ್ಮಲ್ಲಿ?"

ಪ್ರಶ್ನಾವಳಿ ಒಂದಿದೆ, ಇಪ್ಪತ್ತೊಂದು ಪ್ರಶ್ನೆ.
ಹೇಳಲು ನಾಲಿಗೆ ಏಳಲಿಲ್ಲ.
ಸೀಳಿದ ಕಣ್ಣನ್ನೂ ದೀಪಕ್ಕೆ ಹಿಡಿದೆ:
ಉಳಿದಷ್ಟರಲ್ಲಿ ನೀಲಿಯೇ.

ಡಬ್ಬಿ ತೊಳೆದು, ಒರೆಸಿ,
ಜೂನಿನ ದಿನಾಂಕದ ಚೀಟಿ ಹಚ್ಚಿ
ಅವನ ಕೈಗೆ ಕೊಟ್ಟೆ.