ಮೇ ತಿಂಗಳಿಗಿಂತ ಮೊದಲಿನ ಮಾತು

ಡಬ್ಬಿ ಒಡದು ಹನ್ನೊಂದು ದಿನ ಆತು.
ಕೇಳಿದವರಿಗೆಲ್ಲ ಒಂದೇ ಹೇಳಲತ್ತೀನಿ:
ಛಲೋ ಅದ. ಆದ್ರ ಇನ್ನಾ ಫೆಬ್ರುವರಿ.

ಕಲಬುರಗಿ ಸೂಪರ್ ಮಾರ್ಕೆಟ್‌ನಾಗ ಮಸ್ತಾನನ ಅಂಗಡಿ ಗೋಡಿಗಿ
ನೀಲಿ ಪೋಸ್ಟರ್: ಹೊಸ ಪೀಳಿಗೆ, ಎರಡು ಪಟ್ಟು ವೇಗ.
ಎರಡರ ನೆತ್ತಿ ಮ್ಯಾಲ ಒಂದು ಸಣ್ಣ ನಕ್ಷತ್ರ.
ಆ ನಕ್ಷತ್ರ ಹಿಡಕೊಂಡು ಕೆಳಗ ಇಳದ್ರ
ಇರುವಿ ಸಾಲಿನಂಥ ಅಕ್ಷರ:
ಇಪ್ಪತ್ತೆರಡು ಡಿಗ್ರಿ ಕೋಣ್ಯಾಗ ಅಳದದ್ದು.
ಮಸ್ತಾನ್ ನಕ್ಕ.
"ಅಕ್ಕಾ, ಆ ಕೋಣಿ ಯಾ ಊರಾಗ ಅದನೋ!"

ಪೀಳಿಗಿ ಅಂದ್ರ ಇವುಗಳಿಗಿ ಹದಿನಾಲ್ಕು ತಿಂಗಳು.
ಹಾಲಹಲ್ಲು ಮೂಡೂದ್ರಾಗ
ಮುತ್ತ್ಯಾ ಆಗಿರ್ತಾವ.

ನನ್ನ ಹಳೇದು ಎಂಟು ವರ್ಷ ದುಡೀತು.
ಶಹಾಬಾದದ ಅರ್ಧ ಲಗ್ನ ಅದರ ಹೊಟ್ಟ್ಯಾಗ ಹಾದು ಹೋಗ್ಯಾವ.
ರಾತ್ರಿ ಹತ್ತಕ್ಕ ರೆಂಡರ್ ಇಟ್ಟು ಮಲಗಿದ್ರ
ಫ್ಯಾನು ಹಿಟ್ಟಿನ ಗಿರಣಿ ಹಂಗ ಗುರ್ ಅಂತಿತ್ತು.
ಗಿರಣಿ ನಿಂತಾಗ ನನಗ ಎಚ್ಚರ.
ಎದ್ದು ನೋಡಿದ್ರ ಅಕ್ಷತಿ ಸೀನಿಗೇ ಸಿಕ್ಕಿಬಿದ್ದಿರ್ತಿತ್ತು,
ಅಕ್ಕಿಕಾಳು ಗಾಳ್ಯಾಗ,
ಮದುಮಗನ ರುಮಾಲಿಗಿ ಒಂದು ಗೇಣು ಮ್ಯಾಲ.
ಕಾಳೊಂದೂ ಬಿಡದ ಎಣಿಸಬೇಕಲ್ಲ ಅದು, ಪಾಪ.

ಹೊಸದು: ಅದೇ ಅಕ್ಷತಿ, ಅದೇ ಲಗ್ನ,
ಮೂವತ್ತೆಂಟು ನಿಮಿಷ.
ಸಪ್ಪಳೇ ಇಲ್ಲ.
ಮೊದಲ ದಿನ ಅಂಜಿ ಕಿವಿ ಇಟ್ಟು ನೋಡಿದೆ,
ಮಲಗಿದ ಕೂಸಿನ ಮೂಗಿನ ಕೆಳಗ ಬೆರಳು ಇಡ್ತೀವಲ್ಲ, ಹಂಗ.

ನಾಕು ಕೋರ್ ದೊಡ್ಡವು, ಎಂಟು ಸಣ್ಣವು.
ದೊಡ್ಡವು ಭಾರ ಬಿದ್ದಾಗ ಅಷ್ಟೇ ಏಳ್ತಾವಂತ,
ದಿನದ ಕೆಲಸೆಲ್ಲ ಸಣ್ಣವರ ಪಾಲಿಗಿ.
"ಲಗ್ನದ ಮನಿ ಹಂಗೇ ಅದ ಬಿಡ್ರಿ" ಅಂದ್ಲು ನೀಲಾಂಬಿಕಾ,
ಆಲ್ಬಮ್ಮಿಗಿ ಗೋಂದು ಹಚ್ಕೋತ.

ಬ್ಯಾಟರಿ ಇಪ್ಪತ್ತು ತಾಸು ಅಂತ ಬರದಾರ.
ನನಗ ಹದಿಮೂರು ಸಿಕ್ತು. ಹದಿಮೂರು ಭಾಳ ಆತು.
ಕರೆಂಟ್ ಹೋದದ್ದು ಗೊತ್ತಾಗಿದ್ದು
ಬಾಜೂ ಮನಿ ಮಿಕ್ಸಿ ನಿಂತಾಗ.

ಇನ್ನೊಂದು ಕೊಟ್ಟಾರ, ನಾ ಕೇಳಿದ್ದಿಲ್ಲ.
ಮಾರಿ ಗುರ್ತು ಹಿಡೀತದ, ನೆಟ್ ಇಲ್ದ, ತನ್ನೊಳಗ ತಾನೇ.
ಆರು ಲಗ್ನ ಒಮ್ಮೆಲೇ ಸುರವಿ ನೋಡಿದೆ.
ಮದುಮಕ್ಕಳು, ಸ್ವಾದರಮಾವಂದಿರು, ಬ್ಯಾಂಡಿನವರು,
ಎಲ್ಲಾರ್ನೂ ಗುಂಪು ಮಾಡಿ ಸಾಲಾಗಿ ನಿಲ್ಲಿಸ್ತು.
ಮೊದಲನೇ ಚೌಕದಾಗ,
ಎಲ್ಲಾರಕಿಂತ ಹೆಚ್ಚು ಸಲ ಕಂಡ ಮಾರಿ:
ಪತ್ರೋಳಿ ಎತ್ತಾಕಿ.
ಆರೂ ಲಗ್ನದಾಗ, ಫ್ರೇಮಿನ ಅಂಚಿಗಿ,
ಒಮ್ಮೆ ಹಸರು ಸೀರಿ, ಐದು ಸಲ ಅದೇ ಕಂದು ಸೀರಿ.
ಎಷ್ಟು ವರ್ಷದಿಂದ ಆಕೀನ ನಾ ಕತ್ತರಿಸಿ ಒಗದೀನೋ,
ಚೌಕಟ್ಟು ಛಂದ ಕಾಣ್ಲಿ ಅಂತ.

ಕೆಳಗ ಕೇಳ್ಯಾದ: ಹೆಸರು ಸೇರಿಸಿ.
ಅಡಗಿ ಗುತ್ತೇದಾರ ಬೀರಲಿಂಗಗ ಫೋನ್ ಹಚ್ಚಿದೆ.
"ಯಾರ್ರಿ? ಪತ್ರೋಳಿಯಾಕಿ? ಪತ್ರೋಳಿಯಾಕಿ ಅಂತೇ ಕರೀತೀವ್ರಿ."
ಚೌಕ ಇನ್ನಾ ಖಾಲಿ.
ಕರ್ಸರ್ ಮಿಣಕ್ ಮಿಣಕ್ ಅನ್ನಲತ್ತದ.

ಇರ್ಲಿ, ಕೆಲಸದ ಮಾತಿಗಿ ಬರ್ತೀನಿ.
ಮೇ ಬರಬೇಕು.
ಸರ್ಕಾರಿ ಕಚೇರಿನೇ ಮುಂಜಾನಿ ಎಂಟಕ್ಕ ತೆರದು
ಒಂದೂವರಿಗಿ ಬಾಗಿಲ ಹಾಕೂ ಸೀಮಿ ಇದು.
ಕಾವು ಏರಿದ್ರ ಈ ಚಿಪ್ ತಾನಾಗೇ ನಿಧಾನ ಆಗ್ತದಂತ.
ಅದಕ್ಕ ಕೆಟ್ಟದ ಅನ್ನಬ್ಯಾಡ್ರಿ.
ನಮ್ಮಪ್ಪನೂ ಖಣ್ಯಾಗ ಹನ್ನೆರಡಕ್ಕ ಸುತ್ತಿಗಿ ಇಟ್ಟುಬಿಡ್ತಿದ್ದ,
ಮುಕಾದಮ್ ಎಷ್ಟು ಬೈದ್ರೂ.

ಮೂಲಿ ಮುರದ ಒಂದು ಶಹಾಬಾದಿ ಫರಸಿ,
ಅದರ ಮ್ಯಾಲೇ ಹಳೇದನ್ನ ಎಂಟು ಬ್ಯಾಸಗಿ ದಾಟಿಸೀನಿ.
ತೊಳದು, ಒರಸಿ,
ಹೊಸದರ ಕೆಳಗ ಜಗ್ಗೀನಿ.
ಪೋಸ್ಟರಿನ್ಯಾಗ ಈ ಕಲ್ಲಿನ ಲೆಕ್ಕ ಹಿಡದಿಲ್ಲ.

ಬಸವ ಜಯಂತಿ ಸುತ್ತ ಒಂಬತ್ತು ಲಗ್ನ ಒಪ್ಕೊಂಡೀನಿ.
ನಲವತ್ನಾಕು ಡಿಗ್ರ್ಯಾಗ ಅಕ್ಷತಿ ಬೀಳ್ತದ.
ಆಕೀನೂ ಬರ್ತಾಳ.
ಕ್ಯಾಮೆರಾ ಕೆಳಗ ಇಟ್ಟು ಕೇಳಬೇಕು.
ಹ್ಯಾಂಗ ಅದ ಅಂತ
ಆಮ್ಯಾಲ ಹೇಳ್ತೀನಿ.