ಬಿದ್ದಲ್ಲಿಂದಲೇ

ಇಲ್ಲಿ ಹುಲ್ಲಿಲ್ಲ. ಹಸಿರಿರಬೇಕಾದಲ್ಲಿ
ಸುಟ್ಟೆಣ್ಣೆ ಕುಡಿದು ಕಪ್ಪಿಟ್ಟ ಮರಳು.
ಬ್ರೌನು ಅನ್ನುತ್ತಾರೆ. ದೊರೆಗಳಿಟ್ಟ ಹೆಸರು.
ದೊರೆಗಳು ಹೋದರು, ಆಮೇಲೆ ಚಿನ್ನ ಹೋಯಿತು,
ಬ್ರೌನುಗಳು ಉಳಿದವು, ಒಂಬತ್ತು.
ಗೋಣಿಚೀಲ ಎಳೆದು ಅವನ್ನು ನುಣುಪು ಮಾಡುವ
ಆರೋಕ್ಯಸಾಮಿ ಉಳಿದ.

ಭಾನುವಾರ, ಆರೂಕಾಲು. ಊರಿಗಾಂ ಶಾಫ್ಟಿನ
ತಲೆಯ ಮೇಲಿನ ಗಾಲಿ ತಿರುಗಿ ಎಷ್ಟೋ ವರ್ಷವಾಯಿತು,
ಅದರ ಮೇಲೆ ಕೂತ ಹದ್ದು ಮಾತ್ರ ಕತ್ತು ತಿರುಗಿಸುತ್ತದೆ.
"ತಡೀರಿ ಮೇಡಂ, ಅಳಿಸೋಕ್ ಮುಂಚೆ ಓದ್ಬಿಡ್ತೀನಿ"
ಎಂದು ಬ್ರೌನಿನ ಅಂಚಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾನೆ.
ಇದು ಮುಂಗುಸಿ, ಅವಸರದಲ್ಲಿತ್ತು.
ಇದು ನವಿಲು, ಬಾಲ ಎಳೆದ ಗೆರೆ ನೋಡಿ,
ನೆರಿಗೆ ಜಾರಿದ ಸೀರೆ.
ಇದು ನರಿ, ಕುಳಿಯೊಳಗೆ ಮೂತಿಯಿಟ್ಟು
ಏನೂ ಸಿಗದೆ ಹೋಗಿದೆ, ಕಂಪನಿ ಥರ.
ಆಮೇಲೆ ಚೀಲ ಎಳೆಯುತ್ತಾನೆ.
ಈ ಊರ ಕೋರ್ಟಿಗೆ ವರ್ಗವಾಗಿ ಬಂದು ನಾಲ್ಕು ತಿಂಗಳು;
ಕಣ್ಣೆದುರೇ ಸಾಕ್ಷ್ಯ ನಾಶವಾಗುತ್ತದೆ,
ನಾನು ಕೈಗವಸು ಹಾಕಿಕೊಳ್ಳುತ್ತೇನೆ.

ಆಚೆಗೆ ಸಯನೈಡ್ ಗುಡ್ಡಗಳು, ಬೂದಿಬಿಳಿ,
ಗಾಳಿ ಬಂದರೆ ನೆತ್ತಿಯಿಂದ ಹೊಗೆಯಂತೆ ಏಳುವ ಮರಳು.
"ಥೇಟ್ ಕಡಲ ದಂಡೆ" ಎಂದರು ಪೆಡ್ನೇಕರ್,
ಮೂವತ್ತು ವರ್ಷ ಹಡಗಿನ ಇಂಜಿನಿಯರು,
"ಇಂಥ ದಂಡೆಯ ಮೇಲೆ ಎಷ್ಟು ಆಡಿದೀನಿ!
ಕಡಲಕಾಗೆ ಚೆಂಡು ಕಚ್ಚಿ ಹಾರಿಬಿಡ್ತಿತ್ತು.
ಇಲ್ಲಿ ಮೀನಿನ ವಾಸನೆ ಒಂದಿಲ್ಲ."
ಆರೋಕ್ಯಸಾಮಿ ಸಮುದ್ರ ಕಂಡವನಲ್ಲ.
ನೆಲದಡಿ ಮರದ ದಿಮ್ಮಿ ನಿಲ್ಲಿಸಿದವನು,
ಇಲಿ ಓಡಿದ ಕಡೆಗೆ ಓಡಿ ಬದುಕಿದವನು.
"ಸಮುದ್ರ ಇದ್ದಿದ್ರೆ ಸಾರ್," ಎಂದ,
"ಈ ಗುಡ್ಡ ಯಾವತ್ತೋ ತೊಳ್ದೋಗಿರೋದು."

ಏಳನೆಯದರಲ್ಲಿ ನನ್ನ ಹೊಡೆತ ವಾರೆಯಾಯಿತು.
ಚೆಂಡು ಕಲ್ಲುನೆಲಕ್ಕೆ ಪುಟಿದು, ಉರುಳಿ, ಕಾಣದಾಯಿತು,
ನೆಲವೇ ಕಿರುಚಿತು.
ಹಳದಿ ಕಾಲು, ಕಣ್ಣೆದುರು ಕೆಂಪು ಜೋಲು,
ಮೇಲೆದ್ದು, ನೆತ್ತಿಗೆ ಎರಗಿ, ತಪ್ಪಿಸಿ, ಮತ್ತೆ ಎರಗಿ,
ಟಿಟ್ಟಿಭ.
"ನಮ್ಮ ಕಡೆ ಆಳ್‌ಕಾಟ್ಟಿ ಅಂತೀವಿ ಮೇಡಂ.
ಆಳು ಬಂದ್ರೆ ಊರಿಗೆಲ್ಲ ತೋರ್ಸಿಕೊಡುತ್ತೆ."
ಆಳು ನಾನೇ. ತೋರಿಸಿಕೊಟ್ಟಿತು.

ಗೂಡೆನ್ನುವಂಥದ್ದೇನಿಲ್ಲ, ಅಂಗೈಯಗಲ ತಗ್ಗು,
ನಾಲ್ಕು ಮಚ್ಚೆಮೊಟ್ಟೆ, ಕಲ್ಲಿಗೂ ಅದಕ್ಕೂ ವ್ಯತ್ಯಾಸ ಕಾಣದು.
ಅವುಗಳ ನಡುವೆ ಐದನೆಯದು,
ಬೆಳ್ಳಗೆ, ನಂಬರು ಬರೆದದ್ದು.
"ಬಿದ್ದಲ್ಲಿಂದಲೇ ಹೊಡೀಬೇಕು" ಪೆಡ್ನೇಕರ್ ನಕ್ಕರು,
"ಹಾವು, ಜೇನು ಇದ್ರೆ ವಿನಾಯ್ತಿ. ಹಕ್ಕಿಗೆ ಇಲ್ಲ."
ಒಂದು ಹೊಡೆತ ದಂಡ ತೆತ್ತು ಬೇರೆ ಚೆಂಡಿಟ್ಟೆ.
ಹಿಂದಿರುಗಿ ನೋಡಿದರೆ ಹಕ್ಕಿ ಇಳಿದಿತ್ತು,
ಶಾಫ್ಟಿನ ಜಿನುಗಲ್ಲೆಲ್ಲೋ ಹೊಟ್ಟೆ ತೋಯಿಸಿಕೊಂಡು ಬಂದು
ಐದರ ಮೇಲೂ
ಒಂದೇ ಸಮನೆ ಕೂತಿತು.

ಆಮೇಲಿನ ಮೂರು ಭಾನುವಾರ ಏಳನೆಯದಕ್ಕೆ ವಾಯಿದೆ.
ಆರರಿಂದ ನೇರ ಎಂಟಕ್ಕೆ. ಯಾರೂ ಆದೇಶ ಮಾಡಲಿಲ್ಲ.
ವಾರದ ನಡುವೆ ಒಮ್ಮೆ, ಜೀವನಾಂಶದ ಕೇಸಿನಲ್ಲಿ,
ಹೆಂಗಸೊಬ್ಬಳು ಕಟಕಟೆ ಹಿಡಿದು ಕೂಗಾಡಿದಾಗ
ಪೇದೆ ಸುಮ್ಮನಿರಿಸಲು ಹೋದ.
ಕೂಗಲಿ ಬಿಡಿ, ಎಂದೆ. ಯಾಕೆಂದು ನನಗೂ ತಿಳಿಯಲಿಲ್ಲ.

ಇವತ್ತು ಹೋದೆವು. ತಗ್ಗು ಖಾಲಿ.
ಚಿಪ್ಪಿನ ಚೂರೂ ಇಲ್ಲ, ಚೆಂಡು ಮಾತ್ರ ಇದೆ.
ಎತ್ತಿಕೊಂಡರೆ ಬೆಚ್ಚಗಿತ್ತು.
"ಬಿಸಿಲು" ಎಂದರು ಪೆಡ್ನೇಕರ್. ಬಿಸಿಲೇ ಇರಬೇಕು.
ಏಳನೇ ಬ್ರೌನಿನಲ್ಲಿ ಆರೋಕ್ಯಸಾಮಿ ಕೂತಿದ್ದ,
ಚೀಲ ಹೆಗಲ ಮೇಲೇ ಇತ್ತು.
ಎಣ್ಣೆಮರಳ ತುಂಬ ಸಾಸಿವೆ ಚೆಲ್ಲಿದಂತೆ ಹೆಜ್ಜೆ.
ಬೆರಳಿಟ್ಟು, ಬಿಟ್ಟು, ಮತ್ತೆ ಮೊದಲಿಂದ ಎಣಿಸಿದ.
"ಮೂರು."
ನಾಲ್ಕಿದ್ದವಲ್ಲ?
"ಒಂದನೇದ್ರಲ್ಲಿ ಬೆಳಿಗ್ಗೆ ನರಿ ಓದಿದ್ನಲ್ಲ ಮೇಡಂ"
ಎಂದು ಎದ್ದ,
ಚೀಲ ಎಳೆಯದೆ.